ಹಾರುವವಳಿಗೆ ಎಷ್ಟು ಮುದ್ದೆ ಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಲೋಕ ಕುಸಿದ ಮೇಲೆ ಉಳಿದವರಲ್ಲಿ ಕೆಲವರಿಗೆ, ಅದೂ ನಮ್ಮ ನಿಮ್ಮಂಥವರಿಗೆ, ಅತಿಮಾನುಷ ಶಕ್ತಿ ಬಂದುಬಿಡುವ ಕಥೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಧಾರಾವಾಹಿ ಬರೆಯಲು ಕೂತವರದ್ದು. ಹಾಗಾಗಿ ಇಡೀ ಅಂಕಣ ಅವರಿಗೇ. ಲೆಕ್ಕ ಕೇಳಿದ ಕಡೆ ಲೆಕ್ಕ ಮಾಡಿಯೇ ಕೊಟ್ಟಿದ್ದೇವೆ, ಬೇಕಾದವರು ತಾಳೆ ನೋಡಿಕೊಳ್ಳಬಹುದು.

ನನ್ನ ನಾಯಕಿ ಆಶಾ ಕಾರ್ಯಕರ್ತೆ. ಪ್ರಳಯದ ನಂತರ ಅವಳಿಗೆ ಹಾರಲು ಬರುತ್ತದೆ. ಮೂರನೇ ಕಂತಿಗೇ ಅವಳು ಯಾವ ಕಷ್ಟದ ಕೈಗೂ ಸಿಗದಂತಾಗಿ ಕಥೆ ನಿಂತುಹೋಗಿದೆ. ಏನು ಮಾಡಲಿ? (ತಿಪಟೂರಿನ ಓದುಗರು)

ಅವಳ ಊಟದ ಲೆಕ್ಕ ಬರೆಯಿರಿ.

ತೂಕ 60 ಕೆ.ಜಿ. ಅಂದುಕೊಳ್ಳೋಣ. ಹೆಲಿಕಾಪ್ಟರಿನ ಹಾಗೆ ಗಾಳಿಯನ್ನು ಕೆಳಕ್ಕೆ ತಳ್ಳಿಯೇ ಅವಳು ತೇಲುತ್ತಾಳೆ, ಹಾಗೆ ತಳ್ಳುವ ಗಾಳಿಯ ಕಂಬ 1 ಚದರ ಮೀಟರ್ ಅಗಲ ಇದೆ ಎಂದಿಟ್ಟುಕೊಳ್ಳಿ. ತೂಕವನ್ನು ನ್ಯೂಟನ್‌ಗೆ ತಿರುಗಿಸಿದರೆ 588. ಅದರ ಘನವನ್ನು ಗಾಳಿಯ ಸಾಂದ್ರತೆ 1.2ರ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಬರುವುದು ಸುಮಾರು 9,200 ವ್ಯಾಟ್, ಅಂದರೆ 12 ಎಚ್‌ಪಿ ಚಿಲ್ಲರೆ. ತೋಟದ 5 ಎಚ್‌ಪಿ ಪಂಪ್‌ಸೆಟ್ ಎರಡೂವರೆ ಸೇರಿದಷ್ಟು ಶಕ್ತಿ ಬರೀ ಗಾಳಿಯಲ್ಲಿ ನಿಲ್ಲುವುದಕ್ಕೇ ಖರ್ಚು. ಮುಂದಕ್ಕೆ ಹೋಗುವುದು, ಮೇಲೇರುವುದು ಬೇರೆ.

ಮನುಷ್ಯನ ಸ್ನಾಯು ತಿಂದದ್ದರಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ತಿರುಗಿಸುತ್ತದೆ. ಆ ಪ್ರಮಾಣ ಹಿಡಿದರೆ ಒಂದು ನಿಮಿಷದ ಹಾರಾಟಕ್ಕೆ ಸುಮಾರು 530 ಕಿಲೋಕ್ಯಾಲೊರಿ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಇದೆ. 100 ಗ್ರಾಂ ಹಿಟ್ಟಿಗೆ ಒಂದು ಮುದ್ದೆ ಎಂದರೆ ನಿಮಿಷಕ್ಕೆ ಒಂದೂವರೆ ಮುದ್ದೆಗೂ ಮೇಲೆ, ಹತ್ತು ನಿಮಿಷಕ್ಕೆ ಹದಿನಾರು.

ಆದರೆ ಹತ್ತು ನಿಮಿಷದ ಮಾತು ಬರುವ ಹಾಗೇ ಇಲ್ಲ. ಉಳಿದ ಮುಕ್ಕಾಲು ಭಾಗ ಮೈಯಲ್ಲೇ ಬಿಸಿಯಾಗಿ ಉಳಿಯುತ್ತದೆ. 60 ಕೆ.ಜಿ. ಮೈ ಒಂದು ಡಿಗ್ರಿ ಏರಲು ಸುಮಾರು 210 ಕಿಲೋಜೂಲ್ ಸಾಕು. ಒಂದು ನಿಮಿಷ ಹಾರಿದರೆ ಮೈ ಕಾವು 37ರಿಂದ ಹತ್ತಿರ ಹತ್ತಿರ 45ಕ್ಕೆ ಹೋಗುತ್ತದೆ. 42 ದಾಟಿದರೇ ಜೀವಕ್ಕೆ ಕುತ್ತು. 20 ಸೆಕೆಂಡಿಗೆ ಇಳಿದುಬಿಟ್ಟರೆ ಎರಡೂವರೆ ಡಿಗ್ರಿ ಏರಿರುತ್ತದೆ, ಮೈ ಕೆಂಡದಂಥ ಜ್ವರ, ಆದರೂ ಬದುಕುತ್ತಾಳೆ. ಹಾಗಾಗಿ ಅವಳದ್ದು ಹಾರಾಟ ಅನ್ನುವುದಕ್ಕಿಂತ 20 ಸೆಕೆಂಡಿನ ಜಿಗಿತ. ಕೆರೆ ಏರಿ ದಾಟಬಹುದು, ಮಾಳಿಗೆಯಿಂದ ಮಾಳಿಗೆಗೆ ಹೋಗಬಹುದು, ಊರಿಂದ ಊರಿಗೆ ಆಗದು. ಇಳಿದ ಕೂಡಲೇ ನೀರಿಗೆ ಬೀಳಬೇಕು. ಕೆರೆ ಬತ್ತಿದ ಬೇಸಿಗೆಯಲ್ಲಿ ಅವಳು ಎಲ್ಲರಂತೆ ನಡೆದೇ ಹೋಗಬೇಕು. ಕಷ್ಟಕ್ಕೆ ಸಿಗುವುದಿಲ್ಲ ಅಂದಿರಲ್ಲ, ಈಗ ನೋಡಿ.

ಒಂದು ಜಿಗಿತಕ್ಕೆ ಅರ್ಧ ಮುದ್ದೆ. ಇಪ್ಪತ್ತು ಜಿಗಿತವಾದರೆ ಮೈಮುರಿದು ದುಡಿಯುವ ಒಬ್ಬ ಆಳಿನ ಇಡೀ ದಿನದ ಊಟದಷ್ಟು. ಕಣಜದ ಲೆಕ್ಕ ಇಡುವವರ ಮುಂದೆ ಅವಳನ್ನು ನಿಲ್ಲಿಸಿ:

"ಎಷ್ಟ್ ಸಲ ಹಾರ್ದೆ ಕಣವ್ವ ಇವತ್ತು?"
"ಆರು, ಯಜಮಾನ್ರೆ."
"ಮೂರು ಮುದ್ದೆ ಹೆಚ್ಗೆ ಅಂತ ಬರ್ಕೊಳ್ಳಪ್ಪ."

ಸಾಲಿನಲ್ಲಿ ಅವಳ ಹಿಂದೆ ತಟ್ಟೆ ಹಿಡಿದು ನಿಂತ ಬಾಣಂತಿ ಇದನ್ನು ಕೇಳಿಸಿಕೊಂಡಳು ಎಂದು ಒಂದು ಸಾಲು ಸೇರಿಸಿದರೆ ಮುಂದಿನ ನಾಲ್ಕು ಕಂತು ನಿಮ್ಮ ಕೈಯಲ್ಲಿವೆ. ಜಿಗಿತ ಇನ್ನೂ ಸ್ವಲ್ಪ ಉದ್ದ ಬೇಕಿದ್ದರೆ ಗಾಳಿಯ ಕಂಬವನ್ನು 4 ಚದರ ಮೀಟರ್ ಮಾಡಿ, ಖರ್ಚು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಅವಳು ಅಭ್ಯಾಸದಿಂದ ಕಲಿತಳು ಎಂದರೂ ಓದುಗರು ಒಪ್ಪುತ್ತಾರೆ. ತಿನ್ನದೆ ಹಾರಿದಳು ಎಂದರೆ ಒಪ್ಪುವುದಿಲ್ಲ.

ಬೆಂಗಳೂರಿನಲ್ಲಿ ಕರೆಂಟು ಒಂದೇ ಸಲ, ಶಾಶ್ವತವಾಗಿ ಹೋದರೆ ಊರು ಎಷ್ಟು ದಿನ ತಡೆದೀತು? ಮಿಂಚು ಎಸೆಯುವ ಲೈನ್‌ಮನ್ ಒಬ್ಬನನ್ನು ಇಟ್ಟುಕೊಂಡಿದ್ದೇನೆ, ಅವನಿಂದ ಏನಾದರೂ ಮಾಡಿಸಬಹುದೆ? (ಬೆಂಗಳೂರಿನ ಓದುಗರು)

ಊರನ್ನು ಖಾಲಿ ಮಾಡಿಸುವುದು ಕತ್ತಲೆಯಲ್ಲ, ನೀರು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಹಾರೋಹಳ್ಳಿ, ತಾತಗುಣಿ ಹಾದು, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಆಗಿ ಬರುತ್ತದೆ. ಒಂದು ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು 4,900 ಜೂಲ್ ಬೇಕು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಸೇರಿದ ಮೇಲಿನ ಸಾಮರ್ಥ್ಯ ದಿನಕ್ಕೆ ಸುಮಾರು 220 ಕೋಟಿ ಲೀಟರ್. ಗುಣಿಸಿದರೆ ಹಗಲು ರಾತ್ರಿ ಎಡೆಬಿಡದೆ 125 ಮೆಗಾವ್ಯಾಟ್, ಅದೂ ಪಂಪು, ಪೈಪಿನ ನಷ್ಟ ಬಿಟ್ಟು. ಯಾವ ಡೀಸೆಲ್ ಜನರೇಟರೂ ಇದಕ್ಕೆ ಸಾಟಿಯಾಗದು.

ದಿನಗಳು ಹೀಗೆ ಸಾಗುತ್ತವೆ. ಮೊದಲ ರಾತ್ರಿ ಇದು ಮಾಮೂಲಿ ಪವರ್ ಕಟ್ ಅಂದುಕೊಂಡು ಜನ ಮಲಗುತ್ತಾರೆ. 150 ಆಂಪಿಯರ್-ಅವರ್ ಬ್ಯಾಟರಿಯ ಮನೆ ಯುಪಿಎಸ್ ಒಂದು ಫ್ಯಾನು, ಎರಡು ಎಲ್‌ಇಡಿ ಬಲ್ಬಿಗೆ ಎಂಟು ಹತ್ತು ಗಂಟೆ ಸಾಕು. ಬೆಳಗ್ಗೆ ಓವರ್‌ಹೆಡ್ ಟ್ಯಾಂಕ್ ಖಾಲಿ, ಸಂಪಿನಲ್ಲಿ ನೀರಿದೆ, ಮೇಲೇರಿಸಲು ಮೋಟಾರ್ ಇಲ್ಲ. ಹದಿನಾಲ್ಕನೇ ಮಹಡಿಗೆ ಬಿಂದಿಗೆ ಹೊರುವ ದೃಶ್ಯ ಎರಡನೇ ದಿನದ್ದು. ಮೂರನೇ ದಿನ ಒಳಚರಂಡಿ: ಕೊಳಚೆಯನ್ನೂ ಪಂಪೇ ಎತ್ತಬೇಕು, ನಿಂತಿತೆಂದರೆ ತಗ್ಗಿನ ಬಡಾವಣೆಯ ಮ್ಯಾನ್‌ಹೋಲ್‌ಗಳಲ್ಲಿ ಉಕ್ಕುತ್ತದೆ. ವಾರದೊಳಗೆ ಜನ ಮಾಗಡಿ, ಕನಕಪುರ, ತುಮಕೂರು ರಸ್ತೆಗಳಲ್ಲಿ ನಡೆಯುತ್ತಿರುತ್ತಾರೆ.

ಬಹಳ ಮಂದಿ ಎಡವುವುದು ಸೋಲಾರಿನಲ್ಲಿ. ಚಾವಣಿಯ ಮೇಲೆ ಪ್ಯಾನೆಲ್ ಇದೆ, ಆದ್ದರಿಂದ ಆ ಮನೆಯಲ್ಲಿ ಬೆಳಕಿದೆ ಎಂದು ಬರೆದುಬಿಡುತ್ತಾರೆ. ಗ್ರಿಡ್‌ಗೆ, ಅಂದರೆ ಊರೂರಿಗೆ ಕರೆಂಟು ಹಂಚುವ ತಂತಿಜಾಲಕ್ಕೆ, ಜೋಡಿಸಿದ ಇನ್ವರ್ಟರ್ ಗ್ರಿಡ್ ಸತ್ತ ಕ್ಷಣ ತಾನೂ ಬಂದ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಹಿಂದಿನಿಂದ ಕರೆಂಟು ಹೊಡೆಯದಿರಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಬ್ಯಾಟರಿ ಇರುವ ಆಫ್-ಗ್ರಿಡ್ ವ್ಯವಸ್ಥೆ ಮಾತ್ರ ಉಳಿಯುತ್ತದೆ. ಪ್ಯಾನೆಲ್ ಕಳಚಿ ನೇರವಾಗಿ ಡಿಸಿ ಪಂಪಿಗೆ ಕೊಡುವ ಪಾತ್ರ ಇದ್ದರೆ ಅವನು ಊರಿನ ದೊಡ್ಡ ಮನುಷ್ಯನಾಗುತ್ತಾನೆ, ಯಾವ ಶಕ್ತಿಯೂ ಇಲ್ಲದೆ.

ಲೈನ್‌ಮನ್ ವಿಷಯ. ಮಿಂಚು ಎಸೆಯುವುದು ದೀಪಾವಳಿಗೆ ಚೆಂದ. ಅವನಿಗೆ 50 ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುವುದು, ಕೇಳಿಸುವ ಕಿವಿ ಕೊಡಿ. ನಮ್ಮ ಗ್ರಿಡ್ ನಿಂತಿರುವುದೇ ಆ ಅಂಕಿಯ ಮೇಲೆ: ಉತ್ಪಾದನೆಗಿಂತ ಬಳಕೆ ಏರಿದರೆ ಅದು ಕುಸಿಯುತ್ತದೆ, ತೀರಾ ಕುಸಿದರೆ ಲೈನು ಕಡಿಯುವ ರಕ್ಷಣಾ ಸ್ವಿಚ್ಚುಗಳು (ರಿಲೇ) ಒಂದರ ಹಿಂದೆ ಒಂದು ಬೀಳುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ, ಎರಡನೇ ದಿನ 60 ಕೋಟಿಗೂ ಹೆಚ್ಚು ಜನ ಇದ್ದ ಪ್ರದೇಶದಲ್ಲಿ ವಿದ್ಯುತ್ ಇರಲಿಲ್ಲ. ದಕ್ಷಿಣ ಪಾರಾಯಿತು, ಏಕೆಂದರೆ ಆಗ ನಮ್ಮ ಗ್ರಿಡ್ ಅವರ ತಾಳಕ್ಕೆ ಜೋಡಿಸಿರಲಿಲ್ಲ. ಜೋಡಿಸಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು-ಸೊಲ್ಲಾಪುರ 765 ಕೆ.ವಿ. ಲೈನಿನ ಮೂಲಕ. ಕಥೆ ಅದಕ್ಕಿಂತ ಹಿಂದಿನ ವರ್ಷದ್ದಾದರೆ ದೆಹಲಿಯಲ್ಲಿ ಶುರುವಾದ ಕುಸಿತ ಬೆಂಗಳೂರಿಗೆ ಬರುವುದಿಲ್ಲ, ಈಚಿನದಾದರೆ ಬರಬಹುದು.

ಸತ್ತ ಗ್ರಿಡ್ಡನ್ನು ಎಬ್ಬಿಸುವುದು ಜಲವಿದ್ಯುತ್ತಿನಿಂದ. ಶರಾವತಿಯಲ್ಲಿ 103.5 ಮೆಗಾವ್ಯಾಟಿನ 10 ಘಟಕಗಳಿವೆ. ಇಂಥ ಘಟಕಕ್ಕೆ ಬ್ಯಾಟರಿ, ಸಣ್ಣ ಡೀಸೆಲ್ ಜನರೇಟರ್ ಇದ್ದರೆ ಗೇಟು ತೆರೆದು ತಿರುಗಿಸಬಹುದು. ಕಲ್ಲಿದ್ದಲಿನ ಸ್ಥಾವರ ಹಾಗಲ್ಲ. ಅದರ ಫ್ಯಾನು, ಪಂಪು, ಗಿರಣಿಗಳಿಗೇ ಉತ್ಪಾದನೆಯ ಶೇ. 8ರಷ್ಟು ಹೊರಗಿನಿಂದ ಬರಬೇಕು. ಆದ್ದರಿಂದ ಮೊದಲು ಲಿಂಗನಮಕ್ಕಿ ನೀರು, ಆಮೇಲೆ ಒಂದು ಲೈನು, ಆಮೇಲೆ ರಾಯಚೂರು. ಪ್ರತಿ ಹೆಜ್ಜೆಯಲ್ಲೂ ಲೋಡು ಅಳೆದು ಸೇರಿಸಬೇಕು. ಒಂದು ಪಟ್ಟಣವನ್ನು ಆತುರದಲ್ಲಿ ಸೇರಿಸಿದರೆ ಎಲ್ಲ ಮತ್ತೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವ ಸದ್ದು ಗ್ರಿಡ್ಡಿನ ಎರಡರಷ್ಟು, 100 ಹರ್ಟ್ಸ್. ಅದು 98ಕ್ಕೆ ಇಳಿದದ್ದು ಕಿವಿಗೇ ತಿಳಿಯುವ ಲೈನ್‌ಮನ್, ತಂತಿ ಇಲ್ಲದ ಫೋನಿಲ್ಲದ ಕಾಲದಲ್ಲಿ, ಇಡೀ ನಾಡಿಗೆ ಒಬ್ಬನೇ ಸಾಕು.

ಪ್ರಳಯವಾಗಿ ಮೂರು ವರ್ಷ. ನನ್ನ ಖಳನ ಪಡೆ ಜೀಪುಗಳಲ್ಲಿ ಓಡಾಡುತ್ತದೆ. ಗೆಳೆಯರು ಆಗದು ಅನ್ನುತ್ತಾರೆ. (ಹುಬ್ಬಳ್ಳಿಯ ಓದುಗರು)

ಗೆಳೆಯರ ಮಾತು ಸರಿ. ಪೆಟ್ರೋಲು ತಿಂಗಳುಗಳಲ್ಲಿ ಹಳಸುತ್ತದೆ. ಈಗಿನ ಶೇ. 20 ಎಥನಾಲ್ ಬೆರೆಸಿದ್ದು ಗಾಳಿಯ ತೇವ ಹೀರಿ, ನೀರು-ಎಥನಾಲ್ ಕೆಳಗೆ, ಪೆಟ್ರೋಲು ಮೇಲೆ ಎಂದು ಒಡೆದುಹೋಗುತ್ತದೆ. ಡೀಸೆಲ್ ಒಂದು ವರ್ಷ ತಾಳಬಹುದು, ಆಮೇಲೆ ತಳದ ನೀರಿನ ಅಂಚಿನಲ್ಲಿ ಸೂಕ್ಷ್ಮಾಣು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ಅದಕ್ಕೂ ಮುಂಚೆ ಚಾರ್ಜ್ ಇಲ್ಲದ ಬ್ಯಾಟರಿ ಸಲ್ಫೇಟ್ ಕಟ್ಟಿ ಸತ್ತಿರುತ್ತದೆ.

ಖಳನಿಗೆ ಹೊಂಗೆ ತೋಪು ಕೊಡಿ. ಹಳೆಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್, ಟಿಲ್ಲರ್, ಸೋಸಿ ಬಿಸಿ ಮಾಡಿದ ಹೊಂಗೆ ಎಣ್ಣೆಯಲ್ಲಿ ಓಡುತ್ತವೆ. ಗಾಣದಲ್ಲಿ ಒಂದು ಲೀಟರಿಗೆ ಸುಮಾರು 4 ಕೆ.ಜಿ. ಬೀಜ ಬೇಕು. ಸೋಸದಿದ್ದರೆ, ಬಿಸಿ ಮಾಡದಿದ್ದರೆ ಇಂಜೆಕ್ಟರಿನ ಮೂತಿಯಲ್ಲಿ ಮಸಿ ಕಟ್ಟಿ ಎಂಜಿನ್ ಕೆಮ್ಮಲು ಶುರು. ಜೀಪಿನ ಬದಲು ಟಿಲ್ಲರಿನಲ್ಲಿ ಬರುವ ಖಳ ನೋಡಲು ನಗೆಪಾಟಲು, ಆದರೆ ಅವನ ಸದ್ದು ಎರಡು ಮೈಲಿ ಮುಂಚೆ ಕೇಳಿಸುತ್ತದೆ ಅನ್ನುವುದನ್ನು ಮರೆಯಬೇಡಿ.

ಭೀಮಬಲ ಬಂದ ಹಮಾಲಿಯೊಬ್ಬ ಬಸ್ಸನ್ನು ತಲೆಯ ಮೇಲೆ ಎತ್ತುತ್ತಾನೆ. ತಪ್ಪಿದೆಯೆ? (ಬಳ್ಳಾರಿಯ ಓದುಗರು)

ಬಲದಲ್ಲಿ ತಪ್ಪಿಲ್ಲ, ನೆಲದಲ್ಲಿದೆ. ಖಾಲಿ ಬಸ್ಸು 9-10 ಟನ್. ಎರಡು ಪಾದ ಸೇರಿ 400 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂ.ಮೀ. ಮೇಲೆ 25 ಕೆ.ಜಿ. ಕಾಂಕ್ರೀಟು ತಡೆಯುತ್ತದೆ. ಗಟ್ಟಿ ಮಣ್ಣು ಅದರಲ್ಲಿ ಸಣ್ಣ ಪಾಲು ತಡೆದರೆ ಹೆಚ್ಚು, ಎರೆಭೂಮಿ ಮಳೆ ಕುಡಿದಿದ್ದರೆ ಅದೂ ಇಲ್ಲ. ಅವನು ಮೊಳೆಯ ಹಾಗೆ ಮೊಣಕಾಲವರೆಗೆ ಇಳಿಯುತ್ತಾನೆ. ಬಸ್ಸಿನ ತಗಡನ್ನು ಹಿಡಿದು ಎತ್ತಿದರೆ ತಗಡು ಹರಿದು ಕೈಗೆ ಬರುತ್ತದೆ, ಬಸ್ಸು ಅಲ್ಲೇ ಇರುತ್ತದೆ. ಚಾಸಿಯ ಅಡಿಗೆ ಹೋಗಿ, ಎರಡು ಆಕ್ಸಲಿನ ನಡುವೆ ತೂಕ ಕೂಡುವ ಜಾಗ ಹುಡುಕಿ, ಕಾಲಡಿಗೆ ರೈಲ್ವೆ ಸ್ಲೀಪರ್ ಹಾಕಿಕೊಂಡು ಹೆಗಲು ಕೊಡಬೇಕು. ಮೂಟೆಗೆ ಎಲ್ಲಿ ಹೆಗಲು ಕೊಡಬೇಕು ಅನ್ನುವುದು ಹಮಾಲಿಗೆ ಯಾರೂ ಹೇಳಿಕೊಡಬೇಕಿಲ್ಲ. ಶಕ್ತಿ ಸಾಮಾನ್ಯರಿಗೇ ಏಕೆ ಬಂತು ಅನ್ನುವ ನಿಮ್ಮ ಇನ್ನೊಂದು ಪ್ರಶ್ನೆಗೂ ಇದೇ ಉತ್ತರ.

ಅತಿವೇಗದ ಓಟಗಾರನ ಬಗ್ಗೆ ಕೇಳಿದ ಮೈಸೂರಿನ ಓದುಗರಿಗೂ ಇಲ್ಲೇ: ಸೆಕೆಂಡಿಗೆ 100 ಮೀಟರ್ ಓಡುವವನಿಗೆ, ಒಣ ರಸ್ತೆಯಲ್ಲಿ ಒಳ್ಳೆಯ ಹಿಡಿತವಿದ್ದರೂ, ನಿಲ್ಲಲು 640 ಮೀಟರ್ ಬೇಕು, ತಿರುಗಲು ಒಂದೂಕಾಲು ಕಿ.ಮೀ. ತ್ರಿಜ್ಯ ಬೇಕು. ಅಗ್ರಹಾರದ ಗಲ್ಲಿಗಳಲ್ಲಿ ಅವನಿಗಿಂತ ಸೈಕಲ್ಲಿನವನು ಮುಂದೆ.

ಎಷ್ಟು ಜನರಿಗೆ ಶಕ್ತಿ ಕೊಡಬೇಕು? (ಶಿವಮೊಗ್ಗದ ಓದುಗರು)

ಕಥೆ ಆರಂಭಿಸುವ ಮೊದಲೇ ಒಂದು ಅನುಪಾತ ಹಾಕಿ, ಮತ್ತೆ ಬದಲಿಸಬೇಡಿ. 2011ರ ಜನಗಣತಿಯಲ್ಲಿ ಕರ್ನಾಟಕ 6.11 ಕೋಟಿ. ಹತ್ತರಲ್ಲಿ ಒಬ್ಬರು ಉಳಿದರು, ಉಳಿದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಶಕ್ತಿ ಬಂತು ಎಂದರೆ 6,100 ಜನ. ಈಗಿನ 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ಸುಮಾರು 200. ನಾಡಿನಲ್ಲಿ ಹಳ್ಳಿಗಳೇ 29 ಸಾವಿರಕ್ಕೂ ಹೆಚ್ಚು. ಅಲ್ಲಿಗೆ ಹೆಚ್ಚು ಕಡಿಮೆ ಐದು ಊರಿಗೆ ಒಬ್ಬರು. ಐದು ಊರಿಗೆ ಒಬ್ಬಳೇ ನೀರು ಕರೆಯುವವಳು ಇದ್ದರೆ ಅವಳ ಸರದಿ ಯಾರದ್ದು, ಅವಳ ಮದುವೆ ಯಾವ ಊರಿಗೆ, ಅವಳ ತವರಿನ ಕೆರೆ ಮಾತ್ರ ಏಕೆ ತುಂಬಿದೆ? ಜಗಳಕ್ಕೆ ಖಳನೇ ಬೇಕಿಲ್ಲ. ಸಾವಿರಕ್ಕೆ ಹತ್ತು ಮಾಡಿದರೆ ಊರಿಗಿಬ್ಬರು ಆಗಿ ಈ ಬಿಗಿ ಹೋಗುತ್ತದೆ.

ಈ ಶಕ್ತಿಗಳನ್ನು ಕನ್ನಡದಲ್ಲಿ ಏನೆಂದು ಕರೆಯಲಿ? 'ಸೂಪರ್ ಪವರ್' ಎಂದರೆ ಸಿನಿಮಾ, 'ಅತೀಂದ್ರಿಯ ಸಾಮರ್ಥ್ಯ' ಎಂದರೆ ಪಠ್ಯಪುಸ್ತಕ. (ಧಾರವಾಡದ ಓದುಗರು)

ನೀವು ಕರೆಯಬೇಡಿ, ಪಾತ್ರಗಳು ಕರೆಯಲಿ, ಅವರವರ ಬಾಯಿಗೆ ಬಂದ ಹಾಗೆ. ಮುಟ್ಟಿ ವಾಸಿ ಮಾಡುವವಳಿಗೆ ಹಳೇ ಮೈಸೂರಿನ ಅಜ್ಜಿ "ಕೈಗುಣ ಐತೆ" ಅಂದಾಳು. ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ನಿಮ್ಮ ಕಡೆಯವನು "ಏನ್ ಕರಾಮತ್ತೋ ಮಾರಾಯಾ" ಅಂದಾನು. ಪುರೋಹಿತರು ಅಷ್ಟಸಿದ್ಧಿಯ ಪಟ್ಟಿಗೆ ಹೋಗುತ್ತಾರೆ, ಮೈ ಹಗುರಾಗುವುದು ಲಘಿಮಾ, ಭಾರವಾಗುವುದು ಗರಿಮಾ. ಕಾಲೇಜು ಹುಡುಗರು ಮಾತ್ರ "ಪವರ್ ಬಂತು" ಅನ್ನುತ್ತಾರೆ, ಕರೆಂಟು ಬಂತೆಂದು ಅಪಾರ್ಥವಾಗಲೂಬಹುದು, ಅದೂ ಒಳ್ಳೆಯದೇ. ಒಂದೇ ಸಂಗತಿಗೆ ನಾಲ್ಕು ಹೆಸರಿದ್ದರೆ ಯಾರು ಹೆದರಿದ್ದಾರೆ, ಯಾರು ಪೂಜಿಸುತ್ತಾರೆ, ಯಾರಿಗೆ ಹೊಟ್ಟೆಕಿಚ್ಚು ಎಂದು ನೀವು ಬಿಡಿಸಿ ಹೇಳಬೇಕಿಲ್ಲ.

ವಜ್ರದೇಹದ ನಾಯಕನನ್ನು ಏನು ಮಾಡಲಿ ಎಂದೂ ಕೇಳಿದ್ದೀರಿ. ಅಲ್ಲಮ ಮತ್ತು ಗೋರಕ್ಷರ ಪ್ರಸಂಗ ನೆನಪಿಸಿಕೊಳ್ಳಿ. ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಯಿತು. ಅಲ್ಲಮನ ಮೈಯಲ್ಲಿ ಕತ್ತಿ ಬಯಲಲ್ಲಿ ಹಾದ ಹಾಗೆ ಹಾದುಹೋಯಿತು. ಗಟ್ಟಿಮೈಯವನನ್ನು ಇನ್ನೂ ಗಟ್ಟಿಯಾದವನಿಂದ ಹೊಡೆಸುವುದು ದಡ್ಡ ದಾರಿ, ನಮ್ಮವರು ಆ ದಾರಿ ಬಿಟ್ಟು ಎಷ್ಟೋ ಕಾಲವಾಯಿತು.

ಕೈಗಾ ಸ್ಥಾವರ ಬಾಂಬಿನಂತೆ ಸಿಡಿದು, ಆ ವಿಕಿರಣದಿಂದಲೇ ಶಕ್ತಿ ಬಂತೆಂದು ಬರೆಯುತ್ತಿದ್ದೇನೆ. (ಕಾರವಾರದ ಓದುಗರು)

ರಿಯಾಕ್ಟರು ಬಾಂಬಿನಂತೆ ಸಿಡಿಯದು, ಅದರ ಇಂಧನ ಅಂಥದ್ದಲ್ಲ. ವಿಕಿರಣದಿಂದ ಶಕ್ತಿ ಎನ್ನುವುದೂ ಸವೆದ ನಾಣ್ಯ. ನಿಜವಾದ ಅಪಾಯ ಇದಕ್ಕಿಂತ ನಿಧಾನ, ಇದಕ್ಕಿಂತ ಒಳ್ಳೆಯ ಕಥೆ: ನಿಲ್ಲಿಸಿದ ಮೇಲೂ ಉಳಿಯುವ ಕಾವು. ಸ್ಥಾವರ ಬಂದ್ ಆದ ಕ್ಷಣದಲ್ಲಿ ಪೂರ್ಣ ಉಷ್ಣಶಕ್ತಿಯ ಶೇ. 6ರಷ್ಟು, ಒಂದು ದಿನದ ನಂತರ ಶೇ. 0.5ರಷ್ಟು ಹುಟ್ಟುತ್ತಲೇ ಇರುತ್ತದೆ. ಕೈಗಾದ ಪ್ರತಿ ಘಟಕ 220 ಮೆಗಾವ್ಯಾಟ್ ವಿದ್ಯುತ್ತಿನದು, ಉಷ್ಣದ ಲೆಕ್ಕದಲ್ಲಿ ಸುಮಾರು 750. ಅದರ ಶೇ. 0.5 ಎಂದರೆ 3.75 ಮೆಗಾವ್ಯಾಟ್, ಅಷ್ಟನ್ನು ನೀರು ಕುದಿಸಿಯೇ ಹೊರಹಾಕಲು ದಿನಕ್ಕೆ ಸುಮಾರು ಒಂದೂಕಾಲು ಲಕ್ಷ ಲೀಟರ್, ಅಂದರೆ 12 ಸಾವಿರ ಲೀಟರಿನ ಹತ್ತು ಹನ್ನೊಂದು ಟ್ಯಾಂಕರ್. ಘಟಕ ನಾಲ್ಕು. ದಿನ ಕಳೆದಂತೆ ಬೇಡಿಕೆ ಇಳಿಯುತ್ತದೆ, ಆದರೆ ನಿಲ್ಲದು. ಪಕ್ಕದಲ್ಲೇ ಕದ್ರಾ ಜಲಾಶಯವಿದೆ, ನೀರಿಗೆ ಬರವಿಲ್ಲ, ಸಾಗಿಸುವ ಕೈಗೆ ಬರ.

ಇದಕ್ಕೆ ಹತ್ತಿರದ ನಿಜ ಘಟನೆ ಉತ್ತರ ಪ್ರದೇಶದ ನರೋರಾದ್ದು. 1993ರ ಮಾರ್ಚ್ 31ರ ಬೆಳಗಿನ ಜಾವ ಟರ್ಬೈನ್ ಅಲಗು ಮುರಿದು ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಸ್ಥಾವರದಲ್ಲಿ ವಿದ್ಯುತ್ತೇ ಇರಲಿಲ್ಲ. ಸಿಬ್ಬಂದಿ ಟಾರ್ಚ್ ಹಿಡಿದು ಮೇಲೆ ಹತ್ತಿ ರಿಯಾಕ್ಟರಿನ ಕ್ರಿಯೆಯನ್ನು ತಡೆಹಿಡಿಯುವ ಬೋರಾನ್ ದ್ರಾವಣವನ್ನು ಕೈಯಾರೆ ಬಿಟ್ಟರು, ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದರು. ಯಾರಿಗೂ ಯಾವ ಶಕ್ತಿಯೂ ಬಂದಿರಲಿಲ್ಲ. ನೀರನ್ನು ಮಾತಿನಿಂದ ನಡೆಸುವ ನಿಮ್ಮ ಮೀನುಗಾರ್ತಿಯನ್ನು ಕದ್ರಾ ದಂಡೆಯಲ್ಲಿ ತಿಂಗಳುಗಟ್ಟಲೆ ಕೂರಿಸಿ, ಅವಳು ನಿದ್ದೆ ಮಾಡುವ ಹಾಗಿಲ್ಲ.

ಹಳ್ಳಿಯಲ್ಲಿ ಉಳಿದ ಮೂವತ್ತು ನಲವತ್ತು ಜನ ಏನು ಕುಡಿಯುತ್ತಾರೆ, ಏನು ತಿನ್ನುತ್ತಾರೆ? ತೋಡುಬಾವಿ ಇಲ್ಲ, ಬೋರ್‌ವೆಲ್ ಇದೆ. (ಚಿಂತಾಮಣಿಯ ಓದುಗರು)

ಬೋರ್‌ವೆಲ್ಲಿನ ಬಾಯಿ ಆರೂವರೆ ಇಂಚು, ಬಿಂದಿಗೆ ಇಳಿಯದು. ಮೊದಲು ಸಬ್‌ಮರ್ಸಿಬಲ್ ಪಂಪನ್ನು ಎತ್ತಬೇಕು: ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, 20 ಅಡಿಯ ಒಂದೊಂದೇ ಪೈಪು ಕ್ಲಾಂಪ್ ಹಾಕಿ ಬಿಚ್ಚುತ್ತ. 300 ಅಡಿಗೆ 15 ಪೈಪು. ಕ್ಲಾಂಪ್ ಬಿಗಿಯಾಗದೆ ಜಾರಿದರೆ ಪೈಪು ಪಂಪು ಎಲ್ಲ ಒಳಗೆ ಬಿದ್ದು ಬೋರು ಶಾಶ್ವತವಾಗಿ ಮುಚ್ಚುತ್ತದೆ, ಇದು ನಿಮ್ಮ ಒಂದು ಕಂತಿನ ಕೊನೆಯಾಗಬಹುದು. ಪಂಪು ಹೊರಬಂದ ಮೇಲೆ 4 ಇಂಚಿನ ಪಿವಿಸಿ ಪೈಪು ಒಂದು ಮೀಟರ್ ಕತ್ತರಿಸಿ, ತಳಕ್ಕೆ ಫುಟ್‌ವಾಲ್ವ್, ಮೇಲೆ ಅಡ್ಡ ಬೋಲ್ಟಿಗೆ ಹಗ್ಗ. ನೀರಿಗೆ ಮುಟ್ಟಿದರೆ ವಾಲ್ವ್ ತೆರೆದು ತುಂಬುತ್ತದೆ, ಎಳೆದರೆ ಮುಚ್ಚುತ್ತದೆ. ಒಂದು ಸೇದಿಗೆ ಸುಮಾರು 8 ಲೀಟರ್. ನೀರು 300 ಅಡಿಯಲ್ಲಿದ್ದರೆ ಇಳಿಸಿ ಎಳೆಯಲು ಐದಾರು ನಿಮಿಷ, ಗಂಟೆಗೆ 80 ಲೀಟರ್, ಹತ್ತು ಗಂಟೆ ಸೇದಿದರೆ ತಲೆಗೆ 20 ಲೀಟರಿನಂತೆ 40 ಜನಕ್ಕೆ. ನಿಮ್ಮ ಕಡೆ ನೀರು 1,000 ಅಡಿ ಕೆಳಗಿದ್ದರೆ ಈ ಲೆಕ್ಕ ನಡೆಯದು, ಊರು ಬಿಡಬೇಕು.

ಊಟಕ್ಕೆ ಹಗೇವು ಹುಡುಕಿಸಿ. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ, ಏಕೆಂದರೆ ಒಳಗೆ ಹುಳಕ್ಕೂ ಉಸಿರಿಲ್ಲ. ಮನುಷ್ಯನಿಗೂ ಇಲ್ಲ. ಕಾಳು, ಬೂಷ್ಟು ಸೇರಿ ಆಮ್ಲಜನಕ ಮುಗಿಸಿ, ಭಾರದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ. ಬಾಯಿಕಲ್ಲು ಸರಿಸಿ ಕನಿಷ್ಠ ಒಂದು ದಿನ ಬಿಡಬೇಕು. ಆಮೇಲೆ ದೀಪ ಇಳಿಸಬೇಕು; ಆರಿದರೆ ಯಾರೂ ಇಳಿಯಕೂಡದು, ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದೇ ಇಳಿಯಬೇಕು. ಒಳಗೆ ಬಿದ್ದವನನ್ನು ಎತ್ತಲು ಹಗ್ಗವಿಲ್ಲದೆ ಧುಮುಕಿದ ಎರಡನೆಯವನೂ ಸಾಯುತ್ತಾನೆ. ಎಷ್ಟೇ ಶಕ್ತಿ ಇದ್ದರೂ, ಉಸಿರಾಡುವ ಪಾತ್ರವಾದರೆ ಇದೇ ನಿಯಮ.

ಕೈಗುಣದ ನರ್ಸ್ ಎಲ್ಲ ರೋಗವನ್ನೂ ಗುಣಪಡಿಸಿದರೆ ಕಥೆ ಸಪ್ಪೆಯಾಗದೆ? (ಉಡುಪಿಯ ಓದುಗರು)

ದಿನಕ್ಕೆ ಒಬ್ಬರು ಎಂದು ಮಿತಿ ಹಾಕಿ. ಆಮೇಲೆ ಸಾಲಿನಲ್ಲಿ ಯಾರಿದ್ದಾರೆ ನೋಡಿ. ಬಳಕೆಗೆ ತೆರೆದ ಇನ್ಸುಲಿನ್ ಬಾಟಲಿ ಸಾಮಾನ್ಯ ಕಾವಿನಲ್ಲಿ ನಾಲ್ಕು ವಾರ, ಫ್ರಿಜ್ ಸತ್ತ ಮೇಲೆ ಉಳಿದದ್ದೂ ಬಹಳ ದಿನ ಬಾರದು. ಸಕ್ಕರೆ ಕಾಯಿಲೆಯ ಮಗುವಿಗೆ ದಿನವೂ ಅವಳ ಕೈ ಬೇಕು, ಅಂದರೆ ಬೇರೆ ಯಾರಿಗೂ ಇಲ್ಲ. ಮಳೆ ಬಿದ್ದ ವಾರ ಇಡೀ ಕೇರಿಗೆ ವಾಂತಿ-ಭೇದಿ. ಅದಕ್ಕೆ ಕೈಗುಣ ಬೇಡ, ಕುದಿಸಿ ಆರಿಸಿದ 1 ಲೀಟರ್ ನೀರು, ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಅದಕ್ಕೇ ಚಮಚ ತಲೆ ತುಂಬ ತುಂಬಬಾರದು.

ಆ ಉಪ್ಪು ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಿರಿ. ನಿಮ್ಮ ಕರಾವಳಿಯಲ್ಲೇ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿವೆ. ಮಳೆಗೆ ಮುಂಚೆ ಎಷ್ಟು ತೆಗೆದಿರೋ ಅಷ್ಟೇ. ದಿನಕ್ಕೆ 5 ಗ್ರಾಂ ಎಂದರೂ ಸಾವಿರ ಜನರಿಗೆ ವರ್ಷಕ್ಕೆ ಎರಡು ಟನ್ನಿನ ಹತ್ತಿರ. ಘಟ್ಟ ಹತ್ತುವ ಎತ್ತಿನ ಗಾಡಿಗಳು ಹಿಂದಕ್ಕೆ ಬಂದವೆಂದರೆ ಅವುಗಳಲ್ಲಿ ಮೊದಲು ಇರುವುದು ಉಪ್ಪು.

ಧಾರಾವಾಹಿಯನ್ನು ಎಷ್ಟು ಕಂತಿಗೆ ಹೊಂದಿಸಲಿ? ಮಧ್ಯದಲ್ಲಿ ನಾನೇ ಹೇಳಿದ್ದನ್ನು ಮರೆಯುತ್ತೇನೆ. (ಕುವೈತ್‌ನಲ್ಲಿರುವ ಕನ್ನಡಿಗರು)

24 ಕಂತು, ಕಂತಿಗೆ 1,500ರಿಂದ 1,800 ಪದ. ಕ್ಯಾಲೆಂಡರ್ ಸತ್ತ ಲೋಕದಲ್ಲಿ ರೈತರ ಮಳೆ ನಕ್ಷತ್ರಗಳು ಉಳಿದಿರುತ್ತವೆ: ರೋಹಿಣಿಯಿಂದ ಸ್ವಾತಿಯವರೆಗೆ ಹನ್ನೆರಡು, ಒಂದೊಂದಕ್ಕೆ 13-14 ದಿನ, ಅಂದರೆ ಮಳೆಗೆ ಎರಡು ಕಂತು. ಮೇ 25ರ ಸುಮಾರಿಗೆ ಶುರುಮಾಡಿದರೆ ಓದುಗರ ಕಿಟಕಿಯ ಹೊರಗಿನ ಮಳೆಯೂ ಕಥೆಯ ಮಳೆಯೂ ಜೊತೆಯಲ್ಲೇ ನಡೆಯುತ್ತವೆ. ಆರಿದ್ರಾ ಮಳೆಯಲ್ಲಿ ಬಿತ್ತಿದ್ದು ಯಾವಾಗ ಕೊಯ್ಲಿಗೆ ಬರುತ್ತದೆ ಎಂದು ನೀವು ಬೇರೆ ನೆನಪಿಡಬೇಕಿಲ್ಲ.

ಮರೆವಿಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಾಕು. ಪಾತ್ರಕ್ಕೊಂದು ಪುಟ, ಅದರಲ್ಲಿ ನಾಲ್ಕು ಕಲಂ: ಏನು ಮಾಡಬಲ್ಲರು, ಎಷ್ಟು ಹೊತ್ತು, ಏನು ಖರ್ಚು, ಕೊನೆಯ ಸಲ ಯಾವ ಕಂತಿನಲ್ಲಿ ಮಾಡಿದರು. ಊರಿಗೂ ಒಂದು ಪುಟ: ರಾಗಿ ಎಷ್ಟು ಪಲ್ಲ, ಉಪ್ಪು, ಬೆಂಕಿಪೊಟ್ಟಣ, ಹೊಂಗೆ ಎಣ್ಣೆ, ತಲೆ ಎಣಿಕೆ. ಪ್ರತಿ ಕಂತು ಬರೆದ ರಾತ್ರಿಯೇ ಕಳೆಯಿರಿ. ಮರುದಿನಕ್ಕೆ ಬಿಟ್ಟವರು ಹದಿಮೂರನೇ ಕಂತಿನಲ್ಲಿ ಸತ್ತವನಿಗೆ ಹದಿನೇಳರಲ್ಲಿ ಊಟ ಬಡಿಸಿಬಿಡುತ್ತಾರೆ.

ಕಣ್ಣಿಗೆ ಕಾಣದಂತಾಗುವ ಹುಡುಗನಿಗೆ ತನ್ನ ಸುತ್ತ ಏನು ಕಾಣಿಸುತ್ತದೆ? (ಹಾಸನದ ಓದುಗರು)

ಏನೂ ಇಲ್ಲ. ಅಕ್ಷಿಪಟಲ ಬೆಳಕನ್ನು ಹೀರಿಕೊಂಡರೆ ಮಾತ್ರ ನೋಟ, ಬೆಳಕು ಹಾದುಹೋಗುವ ಕಣ್ಣು ಕುರುಡು. ಹುಡುಗ ನೋಡಲೇಬೇಕೆಂದರೆ ಗಾಳಿಯಲ್ಲಿ ಎರಡು ಕಪ್ಪು ಚುಕ್ಕೆ ಉಳಿಸಿ, ನಾಯಿಗಳು ಅವುಗಳನ್ನೇ ನೋಡಿ ಬೊಗಳಲಿ.